ಒಂದು ರಿಮೋಟು, ಎರಡು ಲೆಕ್ಕ

2018ರ ಮೇ 19, ಶನಿವಾರ. ಲೋಕಾಪುರದ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಒಂದು ಟಿವಿ, ಒಂದು ರಿಮೋಟು, ಹದಿನೈದಿಪ್ಪತ್ತು ಮಂದಿ. ಸಂಜೆ ನಾಲ್ಕಕ್ಕೆ ವಿಧಾನಸೌಧದಲ್ಲಿ ಯಡಿಯೂರಪ್ಪನವರು ಬಹುಮತ ತೋರಿಸಬೇಕು. ಅದೇ ನಾಲ್ಕಕ್ಕೆ ಜೈಪುರದಲ್ಲಿ ಆರ್‌ಸಿಬಿಗೂ ರಾಜಸ್ಥಾನ ರಾಯಲ್ಸ್‌ಗೂ ಮ್ಯಾಚು. ಸೋತರೆ ಆ ವರ್ಷದ ಪ್ಲೇಆಫ್ ಆಸೆ ಅಲ್ಲಿಗೇ ಮುಗಿಯಿತು. ಇವೆರಡನ್ನೂ ಒಂದೇ ಗಳಿಗೆಗೆ ಇಟ್ಟವರು ಯಾರೋ, ಅವರಿಗೆ ನಮ್ಮೂರಿನ ಚಹಾದಂಗಡಿಗಳ ಸ್ಥಿತಿ ಗೊತ್ತಿರಲಿಲ್ಲ.

"ಕಾಕಾ, ಒಂದ ಓವರ್ ನೋಡಿ ಸುದ್ದಿ ಹಚ್ಚತೇವಿ, ತಡೀರಿ" ಅಂತ ಹುಡುಗರು.

"ಓವರ್ ದಿನಾ ಇರತಾವೋ ತಮ್ಮಾ. ಸರಕಾರ ದಿನಾ ಬೀಳತೈತೇನು?"

"ನಮ್ಮ ರಾಜ್ಯದಾಗ ಅದೂ ದಿನಾನ ಬೀಳತೈತಿ ಬಿಡ್ರಿ" ಅಂತ ಮೂಲೆಯಿಂದ ಒಂದು ದನಿ.

ಕಡೆಗೆ ಅಂಗಡಿಯವನೇ ಕಾನೂನು ಮಾಡಿದ. ಓವರ್ ಮುಗಿದು ಜಾಹೀರಾತು ಬಂದರೆ ಸುದ್ದಿ, ಸುದ್ದಿಯಲ್ಲಿ ಜಾಹೀರಾತು ಬಂದರೆ ಮ್ಯಾಚು. ರಿಮೋಟು ಅವನ ಕೈಯಲ್ಲೇ. ಎಣ್ಣೆಗೈ ತಾಗಬಾರದೆಂದು ಅದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ, ಒತ್ತಿದಾಗೆಲ್ಲ ಪರಪರ ಸದ್ದು ಬರುತ್ತಿತ್ತು. ಯಡಿಯೂರಪ್ಪನವರು ಸದನದಲ್ಲಿ ಉದ್ದನೆಯ ಭಾಷಣ ಮಾಡಿ, ಮತಕ್ಕೆ ಹೋಗದೆ, ರಾಜೀನಾಮೆ ಕೊಡುತ್ತೇನೆಂದು ಹೊರಟರು. ಅತ್ತ ರಾಹುಲ್ ತ್ರಿಪಾಠಿ ಔಟಾಗದೆ 80 ಹೊಡೆದು ರಾಜಸ್ಥಾನವನ್ನು 164ಕ್ಕೆ ಮುಟ್ಟಿಸಿದರು. ಡಿವಿಲಿಯರ್ಸ್ 53 ಹೊಡೆದರೂ ಆರ್‌ಸಿಬಿ 134ಕ್ಕೆ ಆಲೌಟ್, 30 ರನ್‌ಗಳ ಸೋಲು. 16 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತವರು ಶ್ರೇಯಸ್ ಗೋಪಾಲ್, ಬೆಂಗಳೂರಿನವರೇ. "ನಮ್ಮ ಹುಡುಗನ ಆ ಕಡಿ ಹೋಗಿ ನಮ್ಮನ್ನ ಕೆಡವಿದ್ನಲ್ಲಪಾ" ಎಂದು ಒಬ್ಬರು ಹಲುಬಿದರು. ಆ ವಾರವಿಡೀ ಶಾಸಕರ ರೆಸಾರ್ಟಿನ ಸುದ್ದಿ ಕೇಳಿದ್ದ ಅಂಗಡಿಗೆ ಅದು ಯಾವ ಮ್ಯಾಚಿನ ಮಾತು ಅಂತ ಒಂದು ಕ್ಷಣ ಹೊಳೆಯಲಿಲ್ಲ.

ಆ ಒಂದು ವಾರದ ದಿನಗಳನ್ನು ಜೋಡಿಸಿ ನೋಡಿದರೆ ಈಗಲೂ ಬೆರಗಾಗುತ್ತದೆ. ಮೇ 17ರ ಬೆಳಿಗ್ಗೆ ಯಡಿಯೂರಪ್ಪನವರ ಪ್ರಮಾಣವಚನ, ಅದೇ ರಾತ್ರಿ ಚಿನ್ನಸ್ವಾಮಿಯಲ್ಲಿ ಹೈದರಾಬಾದಿನ ವಿರುದ್ಧ ಬೌಂಡರಿ ಗೆರೆಯಲ್ಲಿ ಜಿಗಿದು ಡಿವಿಲಿಯರ್ಸ್ ಒಂದೇ ಕೈಯಲ್ಲಿ ಹಿಡಿದ ಕ್ಯಾಚು. 19ಕ್ಕೆ ರಾಜೀನಾಮೆ, 19ಕ್ಕೇ ಆರ್‌ಸಿಬಿ ಮನೆಗೆ. 23ಕ್ಕೆ ವಿಧಾನಸೌಧದ ಮುಂದೆ ಕುಮಾರಸ್ವಾಮಿಯವರ ಪ್ರಮಾಣವಚನ, ಅವತ್ತೇ ಡಿವಿಲಿಯರ್ಸ್ ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ವಿದಾಯ. ಐದು ದಿನವಾದ ಮೇಲೆ, ಮೇ 28ರ ನಸುಕಿಗೆ, ಜಮಖಂಡಿಯಿಂದ ಆಗಷ್ಟೇ ಆರಿಸಿ ಬಂದಿದ್ದ ಸಿದ್ದು ನ್ಯಾಮಗೌಡರು ನಮ್ಮದೇ ರಸ್ತೆಯ ತುಳಸಿಗೇರಿ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು. 1991ರ ಲೋಕಸಭೆ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಇದೇ ಬಾಗಲಕೋಟೆ ಕ್ಷೇತ್ರದಲ್ಲಿ ಸೋಲಿಸಿದವರು, ಚಿಕ್ಕಪಡಸಲಗಿಯಲ್ಲಿ ರೈತರಿಂದಲೇ ದುಡ್ಡು ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದವರು. ಅವತ್ತು ನಮ್ಮ ಅಂಗಡಿಯಲ್ಲಿ ಸದನದ ಲೆಕ್ಕದಲ್ಲಿ ಒಂದು ಕಡಿಮೆಯಾಯಿತೆಂದು ಯಾರೂ ಹೇಳಲಿಲ್ಲ. ಟಿವಿಯವರು ಹೇಳಿದರು.

ಐಪಿಎಲ್ ಹುಟ್ಟಿದ್ದು 2008ರಲ್ಲಿ. ಆ ವರ್ಷದಿಂದ ಕರ್ನಾಟಕ ವಿಧಾನಸಭೆಗೆ ನಡೆದ ನಾಲ್ಕೂ ಚುನಾವಣೆ, 2008, 2013, 2018, 2023, ಮೇ ತಿಂಗಳಿನಲ್ಲೇ. ಅಂದರೆ ಕನ್ನಡಿಗರ ಎರಡು ದೊಡ್ಡ ಹುಚ್ಚುಗಳು ಐದು ವರ್ಷಕ್ಕೊಮ್ಮೆ ಒಂದೇ ಬಿಸಿಲಿನಲ್ಲಿ ಮುಖಾಮುಖಿಯಾಗುತ್ತವೆ. 2023ರಲ್ಲೂ ಹಾಗೇ: ಸಿದ್ದರಾಮಯ್ಯನವರೋ ಡಿ.ಕೆ. ಶಿವಕುಮಾರರೋ ಎಂಬ ಜಗ್ಗಾಟಕ್ಕೆ ದೆಹಲಿಯಲ್ಲಿ ತೆರೆ ಬಿದ್ದದ್ದು ಮೇ 18ಕ್ಕೆ, ಹೈದರಾಬಾದಿನಲ್ಲಿ ಕೊಹ್ಲಿ ನೂರು ಹೊಡೆದದ್ದೂ ಅವತ್ತಿನ ರಾತ್ರಿಯೇ. 20ಕ್ಕೆ ಹೊಸ ಸರ್ಕಾರದ ಪ್ರಮಾಣವಚನ, 21ಕ್ಕೆ ಕೊಹ್ಲಿ ಮತ್ತೊಂದು ನೂರು ಹೊಡೆದರೂ ಶುಭಮನ್ ಗಿಲ್ಲರ ನೂರಿನೆದುರು ಆರ್‌ಸಿಬಿ ಹೊರಗೆ.

ಇದನ್ನು ಬರೀ ಕಾಕತಾಳೀಯ ಅಂತ ಬಿಡಬಹುದು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಮ್ಯಾಚಿನ ಜಗಳವೂ ರಾಜಕಾರಣದ ಜಗಳವೂ ನಮ್ಮೂರಲ್ಲಿ ಒಂದೇ ಬೆಂಚಿನ ಮೇಲೆ, ಅದೇ ಮಂದಿಯ ನಡುವೆ, ಅದೇ ದನಿಯಲ್ಲಿ ನಡೆಯುತ್ತವೆ. ಮೊದಲನೆಯದು ರಾತ್ರಿ ಹನ್ನೊಂದೂವರೆಗೆ ಮುಗಿದು ಎಲ್ಲರೂ ಮನೆಗೆ ಹೋಗುತ್ತಾರೆ. ಎರಡನೆಯದು ಮುಗಿಯುವುದೇ ಇಲ್ಲ. ಯಾಕೆ?

ಟಿವಿ ಡಿಬೇಟು ನೋಡಿದರೆ ಅದೂ ಕ್ರಿಕೆಟ್ಟಿನ ಅಂಗಿಯನ್ನೇ ತೊಟ್ಟಿದೆ. ಕೆಳಗೆ ಓಡುವ ಸ್ಕೋರು, ಎಡಕ್ಕೊಂದು ಬಣ್ಣ, ಬಲಕ್ಕೊಂದು ಬಣ್ಣ, ನಡುವೆ ಕೈಯಾಡಿಸುವ ಆ್ಯಂಕರು, ಮೇಲೆ ದಪ್ಪಕ್ಷರದಲ್ಲಿ "ಮ್ಯಾಜಿಕ್ ನಂಬರ್ 113". ಈ ಮ್ಯಾಜಿಕ್ ನಂಬರ್ ಎಂಬ ಮಾತನ್ನು ಅಮೆರಿಕದ ಬೇಸ್‌ಬಾಲ್ ಮಂದಿ ಬಹಳ ಹಿಂದಿನಿಂದ ಬಳಸುತ್ತಾರೆ. ಅಲ್ಲಿ ಒಂದು ತಂಡ ಸೀಸನ್ನಿಗೆ 162 ಆಟ ಆಡುತ್ತದೆ. 163ರಲ್ಲಿ ನಮ್ಮ ತಂಡ ಗೆದ್ದದ್ದನ್ನು ಕಳೆ, ಬೆನ್ನ ಹಿಂದಿರುವ ತಂಡ ಸೋತದ್ದನ್ನೂ ಕಳೆ, ಉಳಿದದ್ದೇ ಮ್ಯಾಜಿಕ್ ನಂಬರ್. ನಾವು 90 ಗೆದ್ದು ಅವರು 66 ಸೋತಿದ್ದರೆ 7. ಇನ್ನು ನಾವು ಗೆದ್ದರೂ ಒಂದು ಕಡಿಮೆ, ಅವರು ಸೋತರೂ ಒಂದು ಕಡಿಮೆ. ಸೊನ್ನೆಗೆ ಬಂತೆಂದರೆ ಅವರು ಉಳಿದದ್ದೆಲ್ಲ ಗೆದ್ದರೂ ನಮ್ಮನ್ನು ಹಿಡಿಯಲಾರರು. ಈ ಅಂಕಿಯ ಗುಣವೆಂದರೆ ಅದು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಅಭಿಮಾನಿ ಅದನ್ನು ಬೆಳಿಗ್ಗೆ ಪತ್ರಿಕೆಯಲ್ಲಿ ನೋಡಿ, ಚಹಾ ಕುಡಿದು, ಕೆಲಸಕ್ಕೆ ಹೋಗಬಹುದು.

ನಮ್ಮ ಮ್ಯಾಜಿಕ್ ನಂಬರ್ ಹಾಗಲ್ಲ, ಅದಕ್ಕೆ ಕಾಲಿದೆ. ವಿಧಾನಸಭೆಯ ಸ್ಥಾನ 224, ಅರ್ಧಕ್ಕಿಂತ ಒಂದು ಹೆಚ್ಚೆಂದರೆ 113. ಆದರೆ 2018ರ ಮೇ 12ಕ್ಕೆ ಮತದಾನವಾದದ್ದು 222 ಕಡೆ, ಜಯನಗರ ಮತ್ತು ರಾಜರಾಜೇಶ್ವರಿನಗರ ಮುಂದಕ್ಕೆ ಹೋಗಿದ್ದವು. ಹಾಗಾಗಿ 112. ಕುಮಾರಸ್ವಾಮಿಯವರು ರಾಮನಗರ, ಚನ್ನಪಟ್ಟಣ ಎರಡೂ ಕಡೆ ಗೆದ್ದಿದ್ದರು, ಒಬ್ಬ ಮನುಷ್ಯನಿಗೆ ಒಂದೇ ಮತ, ಹಾಗಾಗಿ 111. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಇತರರು ಮೂವರು. ಯಾರಾದರೂ ಬಾರದೇ ಹೋದರೆ, ರಾಜೀನಾಮೆ ಬಿಸಾಕಿದರೆ, ಸಂಖ್ಯೆ ಇನ್ನೂ ಕೆಳಕ್ಕೆ. 2019ರ ಜುಲೈ 23ಕ್ಕೆ ಅದೇ ಆಯಿತು. 99 ಮತ ಕುಮಾರಸ್ವಾಮಿ ಸರ್ಕಾರದ ಪರ, 105 ವಿರುದ್ಧ, ಸದನದಲ್ಲಿ ಎಣಿಕೆಗೆ ಸಿಕ್ಕವರು 204 ಮಂದಿ. ಮ್ಯಾಜಿಕ್ ನಂಬರ್ 103ಕ್ಕೆ ಇಳಿದಿತ್ತು. ಅಂಕಪಟ್ಟಿಯಲ್ಲಿ ಇಂಥದ್ದೊಂದು ನಡೆದರೆ ಹೇಗಿರುತ್ತದೆ ಎಣಿಸಿ. ಪಂಜಾಬು ತಂಡ ತನ್ನ ನಾಲ್ಕು ಅಂಕಗಳನ್ನು ಬಸ್ಸು ಹತ್ತಿಸಿ ಮುಂಬೈಯ ಹೋಟೆಲಿಗೆ ಕಳಿಸುವುದು, ಅಲ್ಲಿಂದ ಅವು ಬೇರೆ ಬಣ್ಣದ ಜರ್ಸಿ ಹಾಕಿಕೊಂಡು ಇಳಿಯುವುದು!

2024ರ ಮೇ ತಿಂಗಳ ಕತೆ ಇನ್ನೂ ಸ್ವಾರಸ್ಯದ್ದು. ಲೋಕಸಭೆಗೆ ನಾವು ಮತ ಹಾಕಿದ್ದು ಮೇ 7ಕ್ಕೆ. ಬಿಸಿಲಿಗೆ ಅಂಜಿ ಬೆಳಿಗ್ಗೆ ಏಳಕ್ಕೇ ಸಾಲು ನಿಂತಿದ್ದೆವು. ಬಿಜೆಪಿಯ ಪಿ.ಸಿ. ಗದ್ದಿಗೌಡರ ಎದುರು ಕಾಂಗ್ರೆಸ್ಸಿನ ಸಂಯುಕ್ತಾ ಪಾಟೀಲ. ಒತ್ತಿ ಬಂದೆವು, ಬೆರಳಿಗೆ ಶಾಯಿ ಹತ್ತಿತು. ಅಲ್ಲಿಂದ ಯಂತ್ರಗಳೆಲ್ಲ ಸ್ಟ್ರಾಂಗ್ ರೂಮು ಸೇರಿದವು. ಎಣಿಕೆ ಜೂನ್ 4ಕ್ಕೆ. ನಾಲ್ಕು ವಾರ! ಆ ನಾಲ್ಕು ವಾರ ಯಾರ ಹತ್ತಿರವೂ ಒಂದೇ ಒಂದು ಅಂಕಿ ಇಲ್ಲ, ಮಾತು ಮಾತ್ರ ಬೇಕಾದಷ್ಟು. ಒಬ್ಬ ಕಾಕಾನಿಗೆ ಮುಧೋಳದಾಗ ಗಾಳಿ ಹೀಗೆ ಬೀಸಿದ್ದು ಗೊತ್ತು, ಇನ್ನೊಬ್ಬನಿಗೆ ತೇರದಾಳದಾಗ ಹಾಗೆ ಬೀಸಿದ್ದು ಗೊತ್ತು. ಜೂನ್ 1ರ ಸಂಜೆ ಎಕ್ಸಿಟ್ ಪೋಲಿನವರು ಬಂದು ಎನ್‌ಡಿಎಗೆ 350ರ ಮೇಲೆ ಅಂದರು, ಬಂದದ್ದು 293. ಪರದೆಯ ಮೇಲೆ ಕೋಟು ಹಾಕಿಕೊಂಡು ಹೇಳಿದರೂ ಗಾಳಿಮಾತು ಗಾಳಿಮಾತೇ.

ಖಾಲಿ ಬಿದ್ದ ಆ ನಾಲ್ಕು ವಾರವನ್ನು ತುಂಬಿದ್ದು ಆರ್‌ಸಿಬಿ. ಏಪ್ರಿಲಿನಲ್ಲಿ ಅದು ಮೊದಲ ಎಂಟು ಮ್ಯಾಚಿನಲ್ಲಿ ಏಳು ಸೋತು ತಳ ಹಿಡಿದಿತ್ತು. ಹೈದರಾಬಾದಿನವರು 287 ಬಾರಿಸಿ ಮಾನ ಕಳೆದಿದ್ದರು, ಕೋಲ್ಕತ್ತದಲ್ಲಿ ಒಂದೇ ಒಂದು ರನ್ನಿಗೆ ಸೋತಿತ್ತು. "ಇನ್ನ ಮುಂದಿನ ವರ್ಷ ನೋಡೂಣು" ಎಂದು ಹುಡುಗರು ಜರ್ಸಿ ಮಡಚಿಟ್ಟಿದ್ದರು. ಏಪ್ರಿಲ್ 25ಕ್ಕೆ, ದಕ್ಷಿಣ ಕರ್ನಾಟಕ ಮತ ಹಾಕುವ ಹಿಂದಿನ ರಾತ್ರಿ, ಅದೇ ಹೈದರಾಬಾದಿನವರನ್ನು ಅವರ ಊರಲ್ಲೇ 35 ರನ್ನಿಂದ ಸೋಲಿಸಿತು. ಅಲ್ಲಿಂದ ಗುಜರಾತನ್ನು ಎರಡು ಸಲ, ಪಂಜಾಬು, ದೆಹಲಿ. ಸಾಲಾಗಿ ಐದು. ಉಳಿದದ್ದು ಮೇ 18, ಚಿನ್ನಸ್ವಾಮಿ, ಚೆನ್ನೈ.

ಚೆನ್ನೈಗೆ 14 ಅಂಕ, ನಮಗೆ 12. ಗೆದ್ದರೆ ಇಬ್ಬರದೂ 14. ಆಗ ನೋಡಬೇಕಾದ್ದು ನೆಟ್ ರನ್‌ರೇಟು. ಚೆನ್ನೈಯದು 0.528, ನಮ್ಮದು 0.387. ಬರೀ ಗೆದ್ದರೆ ಸಾಲದು, 18 ರನ್‌ಗಳಿಂದ ಗೆಲ್ಲಬೇಕು ಎಂದು ಟಿವಿಯವರು ಮೂರು ದಿನದಿಂದ ಹೇಳುತ್ತಿದ್ದರು. ಈ 18 ಎಲ್ಲಿಂದ ಬಂತು ಅಂತ ಮಾತ್ರ ಅವರು ಹೇಳಲಿಲ್ಲ. ನಮಗೆ ಹೇಳಿದ್ದು ಅಂಗಡಿಗೆ ದಿನಾ ಸಂಜೆ ಬರುವ ಪಿಗ್ಮಿ ಹುಡುಗ. ಸೊಸೈಟಿಯ ರಸೀದಿಯನ್ನೇ ಮಗುಚಿ, ಬೆನ್ನ ಮೇಲೆ ಬಾಲ್‌ಪೆನ್ನಿನಿಂದ ಬರೆದು ತೋರಿಸಿದ.

ಮೊದಲು ನೆಟ್ ರನ್‌ರೇಟು ಅಂದರೇನು? ಇಡೀ ಸೀಸನ್ನಿನಲ್ಲಿ ನಾವು ಹೊಡೆದ ರನ್ನನ್ನು ನಾವು ಆಡಿದ ಓವರಿನಿಂದ ಭಾಗಿಸಬೇಕು. ಎದುರಿನವರು ನಮಗೆ ಹೊಡೆದ ರನ್ನನ್ನು ನಾವು ಎಸೆದ ಓವರಿನಿಂದ ಭಾಗಿಸಬೇಕು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಬೇಕು. ತಂಡ ಹನ್ನೆರಡು ಓವರಿಗೇ ಆಲೌಟಾದರೂ ಪೂರಾ ಇಪ್ಪತ್ತು ಆಡಿದಂತೆ ಹಿಡಿಯುತ್ತಾರೆ, ಬೇಗ ಸತ್ತದ್ದಕ್ಕೆ ರಿಯಾಯಿತಿ ಇಲ್ಲ. ಇಷ್ಟು ತಿಳಿದರೆ ಮುಂದಿನದು ಅಂಗಡಿ ಲೆಕ್ಕ. ಇಬ್ಬರ ಅಂತರ 0.141. ಅದು 13 ಮ್ಯಾಚಿನ ಸರಾಸರಿ, ಹಾಗಾಗಿ 13ರಿಂದ ಗುಣಿಸಿದರೆ 1.83. ಎದುರಾಳಿ ಅದೇ ತಂಡವಾದ್ದರಿಂದ ನಾವು ಎಷ್ಟು ಏರುತ್ತೇವೋ ಅವರು ಅಷ್ಟೇ ಇಳಿಯುತ್ತಾರೆ, ಅಂದರೆ ಅರ್ಧ ಸಾಕು, 0.92 ಅಂತ ಹಿಡಿಯಿರಿ. ಓವರಿಗೆ 0.92 ರನ್ನಿನಂತೆ 20 ಓವರಿಗೆ ಎಷ್ಟು? 18 ಚಿಲ್ಲರೆ.

"ಚಿಲ್ಲರಿ ಬಿಡ, ಹದಿನೆಂಟ" ಎಂದ ಹುಡುಗ, ರಸೀದಿ ಹರಿದು ಮೇಜಿನ ಮೇಲಿಟ್ಟ.

ಆರನೇ ಇಯತ್ತೆಗೆ ಸಾಲಿ ಬಿಟ್ಟ ಒಬ್ಬ ಕಾಕಾ ಅದನ್ನು ನೋಡಿ ತಲೆಯಾಡಿಸಿದರು. "ತಿಳೀತು. ನಮ್ಮ ರಿಕವರಿ ಇದ್ದಂಗ."

ಆ ಮಾತು ಕೇಳಿ ನಾನು ಕಪ್ಪು ಕೆಳಗಿಟ್ಟೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ತಾಲ್ಲೂಕಿನ ಕಬ್ಬಿನ ರೈತ ದಶಾಂಶವನ್ನು ಸಾಲಿಯಲ್ಲಿ ಕಲಿತವನಲ್ಲ, ಬಿಲ್ಲಿನಲ್ಲಿ ಕಲಿತವನು. ಕೇಂದ್ರ ಸರ್ಕಾರ 2024-25ಕ್ಕೆ ಕಟ್ಟಿದ ಎಫ್‌ಆರ್‌ಪಿ ಎಂಬ ಕಬ್ಬಿನ ಕನಿಷ್ಠ ದರ ಕ್ವಿಂಟಲ್‌ಗೆ 340 ರೂಪಾಯಿ, ಅದು 10.25 ಪರ್ಸೆಂಟ್ ರಿಕವರಿ ಎಂಬ ಸಕ್ಕರೆ ಇಳುವರಿಗೆ. ಅಂದರೆ ನೂರು ಕಿಲೋ ಕಬ್ಬು ಅರೆದರೆ ಹತ್ತೂಕಾಲು ಕಿಲೋ ಸಕ್ಕರೆ. ಅದರ ಮೇಲೆ ಇಳುವರಿ 0.1 ಏರಿದರೆ ಕ್ವಿಂಟಲ್‌ಗೆ 3.32 ರೂಪಾಯಿ ಹೆಚ್ಚು, ಟನ್‌ಗೆ 33 ರೂಪಾಯಿ 20 ಪೈಸೆ. ಐವತ್ತು ಟನ್ ಕಳಿಸಿದವನಿಗೆ ಆ ಒಂದು ಚುಕ್ಕಿಯ ಬೆಲೆ 1,660 ರೂಪಾಯಿ. ಚುಕ್ಕಿಯ ಆಚೆಗಿನ ಅಂಕಿಗೆ ಹೊಟ್ಟೆ ಉರಿಸಿಕೊಂಡವನಿಗೆ 0.528 ಮತ್ತು 0.387 ನಡುವಿನ ಫರಕು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕಾಕಾ ಅಷ್ಟಕ್ಕೇ ಬಿಡಲಿಲ್ಲ. "ಫರಕ ಏನಂದ್ರ, ಮ್ಯಾಚಿನ್ಯಾಗ ಚೆಂಡು ಎಲ್ಲಿ ಬಿತ್ತು ನನಗೂ ಕಾಣತೈತಿ, ಅಂಪೈರಗೂ ಕಾಣತೈತಿ. ರಿಕವರಿ ಫ್ಯಾಕ್ಟರಿ ಒಳಗ ಅಳೀತಾರ. ಕಾಟಾನೂ ಅವರದ, ಲ್ಯಾಬೂ ಅವರದ. ನಾ ಗೇಟಿನ ಹೊರಗ ಟ್ರ್ಯಾಕ್ಟರ್ ಮ್ಯಾಲ ಕುಂತಿರತೇನಿ."

ಮ್ಯಾಚಿನ ಜಗಳ ಯಾಕೆ ಮುಗಿಯುತ್ತದೆ, ಉಳಿದದ್ದು ಯಾಕೆ ಮುಗಿಯುವುದಿಲ್ಲ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇದೇ. ಪ್ರಶ್ನೆ ಕ್ರಿಕೆಟ್ಟಿನದೋ ರಾಜಕಾರಣದ್ದೋ ಅಲ್ಲ. ಎಣಿಸುವವನು ಯಾರು, ಎಣಿಸುವಾಗ ನಾನು ನೋಡುತ್ತಿರುತ್ತೇನೋ ಇಲ್ಲವೋ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್‌ಗೆ 3,500 ಕೇಳಿ ರಸ್ತೆಯಲ್ಲಿ ಕೂತರು, ಸರ್ಕಾರ 3,300 ಅಂದಿತು. ಆ ಮೇಲೂ ಮುಧೋಳದ ಕಡೆ ಸಿಟ್ಟು ತಣಿಯಲಿಲ್ಲ. ಹೊರಗಿನವರಿಗೆ ಅದು ಇನ್ನೂರು ರೂಪಾಯಿಯ ಜಗಳದಂತೆ ಕಂಡಿರಬೇಕು. ಆದರೆ ಆ 3,300ರ ಬಾಲಕ್ಕೆ "11.25 ಇಳುವರಿಗೆ" ಎಂಬ ಒಂದು ಮಾತು ಅಂಟಿಕೊಂಡಿತ್ತು. ನಮ್ಮ ಬೆಂಚಿನ ಮೇಲೆ ಅರ್ಧ ಮಾತು ಆ ಬಾಲದ ಮೇಲೆಯೇ ನಡೆಯಿತು. ರಾತ್ರಿಯ ಟಿವಿ ಡಿಬೇಟಿನಲ್ಲಿ ಮಾತ್ರ ಕೇಂದ್ರದ ತಪ್ಪೋ ರಾಜ್ಯದ ತಪ್ಪೋ ಅಂತ ಎರಡು ಬಣ್ಣದವರು ಕೂಗಾಡಿದರು. ಇಳುವರಿಯನ್ನು ರೈತನ ಎದುರಿಗೇ ಅಳೆಯುವುದು ಹೇಗೆ ಎಂದು ಒಬ್ಬನಾದರೂ ಕೇಳುತ್ತಾನೇನೋ ಎಂದು ಪೂರ್ತಿ ನೋಡಿದೆ. ಕೇಳಲಿಲ್ಲ. ಆ ಕೂಗಾಟದ ಲಾಭವೇ ಅದು ಮುಗಿಯದಿರುವುದರಲ್ಲಿ ಇದೆ. ಮುಗಿದರೆ ನಾಳೆ ಏನು ತೋರಿಸುವುದು?

ರಾಜಕಾರಣದ ಲೆಕ್ಕವನ್ನು ಮೈದಾನಕ್ಕೆ ತರಬೇಕು ಎಂದು ಪಟ್ಟು ಹಿಡಿದವರೊಬ್ಬರು ನಮ್ಮ ಉತ್ತರ ಕರ್ನಾಟಕದಲ್ಲೇ ಇದ್ದರು. ಎಸ್.ಆರ್. ಬೊಮ್ಮಾಯಿ, ಹುಬ್ಬಳ್ಳಿಯವರು. 1989ರ ಏಪ್ರಿಲಿನಲ್ಲಿ ಹತ್ತೊಂಬತ್ತು ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದವು: ಮುಖ್ಯಮಂತ್ರಿ ಬೊಮ್ಮಾಯಿಯವರಿಗೆ ನಮ್ಮ ಬೆಂಬಲವಿಲ್ಲ. ಆಮೇಲೆ ಅವರಲ್ಲೇ ಕೆಲವರು, ನಮ್ಮ ಸಹಿಯನ್ನು ಮೋಸದಿಂದ ಹಾಕಿಸಿಕೊಂಡರು ಅಂದರು. ಸದನ ಕರೆಯುತ್ತೇನೆ, ಅಲ್ಲಿ ಎಣಿಸಿ ಅಂತ ಬೊಮ್ಮಾಯಿ ಕೇಳಿಕೊಂಡರೂ ಆಗಲಿಲ್ಲ, ಸರ್ಕಾರ ವಜಾ ಆಯಿತು. ಪೆವಿಲಿಯನ್ನಿನಲ್ಲಿ ಕೂತು ಮ್ಯಾಚಿನ ಫಲಿತಾಂಶ ಬರೆದ ಹಾಗೆ. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, ರಾಜ್ಯಪಾಲರ ಮನಸ್ಸಿನಲ್ಲಿ ಅಲ್ಲ. ಆ ಹೊತ್ತಿಗೆ ಬೊಮ್ಮಾಯಿಯವರ ಕುರ್ಚಿ ಹೋಗಿ ಐದು ವರ್ಷವಾಗಿತ್ತು. ಅವರಿಗೆ ಆ ತೀರ್ಪಿನಿಂದ ಏನೂ ದಕ್ಕಲಿಲ್ಲ. ಆದರೆ ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲ್ಲಾಡಿದರೂ ವಕೀಲರು ಇವತ್ತಿಗೂ ಎತ್ತುವುದು ಆ ಹೆಸರನ್ನೇ.

2018ರ ಆ ಶನಿವಾರದ ನಾಲ್ಕು ಗಂಟೆಯ ಹಿಂದೆಯೂ ಅದೇ ತೀರ್ಪು ನಿಂತಿತ್ತು. ಬಹುಮತ ತೋರಿಸಲು ರಾಜ್ಯಪಾಲ ವಜೂಭಾಯಿ ವಾಲಾ ಕೊಟ್ಟದ್ದು ಹದಿನೈದು ದಿನ. ಸುಪ್ರೀಂ ಕೋರ್ಟು ನಡುರಾತ್ರಿ ಬಾಗಿಲು ತೆರೆದು ಅರ್ಜಿ ಕೇಳಿ, ಕಡೆಗೆ ಅದನ್ನು ಶನಿವಾರದ ನಾಲ್ಕು ಗಂಟೆಗೆ ಎಳೆದು ತಂದಿತು. ಹಂಗಾಮಿ ಸ್ಪೀಕರ್ ಕೆ.ಜಿ. ಬೋಪಯ್ಯ ಬೇಡ ಎಂಬ ಆಕ್ಷೇಪ ಬಂದಾಗ, ಕಲಾಪವನ್ನು ಟಿವಿಯಲ್ಲಿ ನೇರ ತೋರಿಸಿದರೆ ಸಾಕು ಎಂಬಲ್ಲಿಗೆ ಅದು ನಿಂತಿತು. ನಮ್ಮ ಅಂಗಡಿಯಲ್ಲಿ ರಿಮೋಟಿಗಾಗಿ ಜಗಳವಾಗಲು ಅದೇ ಕಾರಣ! ಅವತ್ತು ಆ್ಯಂಕರುಗಳಿಗೆ ಕೆಲಸವಿರಲಿಲ್ಲ. ಯಾರು ಬಂದರು, ಯಾರು ಯಾರ ಪಕ್ಕ ಕೂತರು, ಯಾವ ಕುರ್ಚಿ ಖಾಲಿ ಉಳಿಯಿತು, ಎಲ್ಲ ನಮಗೇ ಕಾಣುತ್ತಿತ್ತು. ಎಣಿಕೆ ಶುರುವಾಗುವ ಮುಂಚೆಯೇ ಮೂಲೆಯ ದನಿ "ಆತು, ಮುಗೀತು" ಅಂದದ್ದು ಅದಕ್ಕೇ. ಮರುದಿನ ಆ ಮಾತು ಬೆಂಚಿನ ಮೇಲೆ ಏಳಲಿಲ್ಲ. ಎದ್ದದ್ದು, ಸೋತ ಮ್ಯಾಚಿನಲ್ಲಿ ಯಾರನ್ನು ಯಾವಾಗ ಬ್ಯಾಟಿಂಗಿಗೆ ಕಳಿಸಬೇಕಿತ್ತು ಎಂಬುದು ಮಾತ್ರ.

ನಮ್ಮ ಜಿಲ್ಲೆಯಲ್ಲೇ ಆ ವರ್ಷ ಇನ್ನೊಂದು ಕೂದಲೆಳೆಯ ಲೆಕ್ಕ ಆಗಿತ್ತು. ಬಾದಾಮಿಯಲ್ಲಿ ಸಿದ್ದರಾಮಯ್ಯನವರು ಶ್ರೀರಾಮುಲು ಅವರನ್ನು ಸೋಲಿಸಿದ್ದು 1,696 ಮತಗಳಿಂದ. ಲಕ್ಷಗಟ್ಟಲೆ ಮತದಲ್ಲಿ 1,696! ಯಾವ ಡಿಬೇಟಿನವರೂ ಆ ಅಂಕಿ ಹೇಳಿರಲಿಲ್ಲ, ಎಣಿಸಿದ ಮೇಲೆ ಅದರ ಬಗ್ಗೆ ತಕರಾರೂ ಉಳಿಯಲಿಲ್ಲ.

ಮತ್ತೆ 2024ರ ಮೇ 18ರ ರಾತ್ರಿಗೆ ಬರೋಣ. ಮೂರು ಓವರಿಗೇ ಮಳೆ ಬಂತು. ಆಟ ರದ್ದಾದರೆ ಒಂದೊಂದು ಅಂಕ ಹಂಚಿಕೊಂಡು ಚೆನ್ನೈ ಒಳಗೆ, ನಾವು ಹೊರಗೆ. ಹೊಲ ಹರಗಿ ಮೋಡ ನೋಡುತ್ತ ಕೂತ ಕಾಕಾನ ಬಾಯಲ್ಲೂ "ಈ ಮಳಿ ನಮ್ಮ ಕಡಿ ಬರಬಾರದಾ, ಅಲ್ಲೇನ ಕೆಲಸ ಅದಕ್ಕ" ಎಂಬ ಮಾತು. ಮಳೆ ನಿಂತಿತು. ಆರ್‌ಸಿಬಿ 218 ಹೊಡೆಯಿತು. ಅಂದರೆ ಚೆನ್ನೈಯನ್ನು 200ಕ್ಕೆ ಹಿಡಿಯಬೇಕು, 201 ಹೊಡೆದರೆ ಸೋತೂ ಅವರೇ ಒಳಗೆ. ಕಡೆಯ ಓವರಿಗೆ ಅವರಿಗೆ ಬೇಕಾದದ್ದು ಗೆಲ್ಲಲು 35, ಒಳಹೋಗಲು 17. ಆ ಹುಡುಗನ ರಸೀದಿ ಇನ್ನೂ ಮೇಜಿನ ಮೇಲಿತ್ತು, ಚಹಾದ ಲೋಟದ ಉಂಗುರ ಬಿದ್ದು 18ರ ಎಂಟು ಕಲೆಸಿ ಹೋಗಿತ್ತು. ಚೆಂಡು ಯಶ್ ದಯಾಳರ ಕೈಯಲ್ಲಿ. ಹಿಂದಿನ ವರ್ಷ ಗುಜರಾತಿಗೆ ಆಡುವಾಗ ರಿಂಕು ಸಿಂಗರಿಂದ ಕಡೆಯ ಓವರಿನಲ್ಲಿ ಸಾಲಾಗಿ ಐದು ಸಿಕ್ಸರ್ ತಿಂದವರು. ಮೊದಲ ಚೆಂಡಿಗೇ ಧೋನಿ ಸಿಕ್ಸರ್, ಚೆಂಡು ಸ್ಟೇಡಿಯಮ್ಮಿನ ಆಚೆ. ಅಂಗಡಿಯಲ್ಲಿ ಒಬ್ಬ ಎದ್ದು ಹೊರಗೇ ಹೋದ. ಎರಡನೇ ಚೆಂಡು ನಿಧಾನದ್ದು, ಧೋನಿ ಔಟ್. ಉಳಿದ ನಾಲ್ಕು ಚೆಂಡಿಗೆ ಬಂದದ್ದು ಒಂದು ರನ್. ಚೆನ್ನೈ 191ಕ್ಕೆ ನಿಂತಿತು, 27 ರನ್‌ಗಳ ಗೆಲುವು. ಆ ಸೀಸನ್ನಿನಲ್ಲಿ 14 ಅಂಕದ ತಂಡಗಳು ನಾಲ್ಕಿದ್ದವು. ಚುಕ್ಕಿಯ ಆಚೆಗಿನ ಅಂಕಿಯಿಂದ ಒಳಹೋದದ್ದು ಒಂದೇ.

ನಾಲ್ಕು ದಿನಕ್ಕೆ ಅಹಮದಾಬಾದಿನಲ್ಲಿ ಎಲಿಮಿನೇಟರ್ ಸೋತು ಬಂದರು, ಅದು ಬೇರೆ. ಲೋಕಸಭೆಯ ಯಂತ್ರಗಳು ಅವತ್ತೂ ಸ್ಟ್ರಾಂಗ್ ರೂಮಿನಲ್ಲೇ ಇದ್ದವು. ಜೂನ್ 4ಕ್ಕೆ ತೆರೆದಾಗ ಗದ್ದಿಗೌಡರು ಐದನೇ ಸಲ ಆರಿಸಿ ಬಂದಿದ್ದರು.

ಅಂಗಡಿಯಲ್ಲಿ ಕೂತ ಯಾರೊಬ್ಬರೂ ಚಿನ್ನಸ್ವಾಮಿಯ ಒಳಗೆ ಕಾಲಿಟ್ಟವರಲ್ಲ, ಈ ಮಾತು ಹೇಳಲೇಬೇಕು. ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಬೆಂಗಳೂರು. ಅಲ್ಲಿ ಟಿಕೆಟಿಗೆ ಕೊಡುವ ದುಡ್ಡಿಗೆ ಇಲ್ಲಿ ಒಂದು ಚೀಲ ಗೊಬ್ಬರ ಬರುತ್ತದೆ. ನಮ್ಮ ಸೀಮೆಯ ಆಟಗಾರರು ಆ ತಂಡದಲ್ಲಿ ಕಂಡದ್ದೂ ಕಡಿಮೆ. ಗದಗಿನ ಸುನಿಲ್ ಜೋಶಿ ಮೊದಲೆರಡು ವರ್ಷ ಆಡಿದ್ದರು, ಅಷ್ಟು ನೆನಪು. ಆದರೂ ಹದಿನೇಳು ಸೀಸನ್ನು ಈ ಮಂದಿ ಲೆಕ್ಕ ಹಾಕುತ್ತ ಕೂತರು. ಪ್ಲೇಆಫಿನ ಆಸೆ ಅನ್ನುವುದು ಕೊನೆಗೆ ಲೆಕ್ಕದ ಆಸೆಯೇ. ಯಾರು ಯಾರಿಗೆ ಸೋತರೆ ನಾವು ಒಳಗೆ ಎಂದು ನಾಲ್ಕು ಮ್ಯಾಚು ಮುಂದಕ್ಕೆ ಕೂಡಿ ಕಳೆಯುವ ಸುಖ, ಗೆದ್ದು ಕಪ್ಪು ಎತ್ತುವುದರಲ್ಲಿ ಇರಲಾರದು ಎಂದು ನಾನು ವಾದ ಮಾಡುತ್ತಿದ್ದೆ. ಕಪ್ಪು ಬಂದಿರಲಿಲ್ಲವಲ್ಲ, ಹಾಗೆ ಹೇಳಬಹುದಿತ್ತು.

2025ರ ಜೂನ್ 3ಕ್ಕೆ ಬಂತು. ಅಹಮದಾಬಾದಿನಲ್ಲಿ 190 ಹೊಡೆದು ಪಂಜಾಬನ್ನು 184ಕ್ಕೆ ಹಿಡಿದರು. ಆರು ರನ್. ಲೋಕಾಪುರದಲ್ಲಿ ರಾತ್ರಿ ಒಂದರ ತನಕ ಪಟಾಕಿ, ಬೈಕುಗಳ ಹಾರ್ನು. ಪಿಗ್ಮಿ ಹುಡುಗ ಎಲ್ಲರಿಗೂ ಚಹಾ ಹೇಳಿದ.

ಮರುದಿನ ಸಂಜೆ ಅಂಗಡಿ ತುಂಬಿತ್ತು, ಬೆಂಗಳೂರಿನ ಮೆರವಣಿಗೆ ನೋಡಬೇಕೆಂದು ಹೊಲದಿಂದ ಬೇಗ ಬಂದಿದ್ದರು. ವಿಧಾನಸೌಧದ ಮೆಟ್ಟಿಲ ಮೇಲೆ ಆಟಗಾರರೂ ಮಂತ್ರಿಗಳೂ ಒಂದೇ ಚೌಕಟ್ಟಿನಲ್ಲಿ ನಿಂತಿದ್ದರು. ಅಷ್ಟರಲ್ಲಿ ಪರದೆಯ ಕೆಳಗೆ ಚಿನ್ನಸ್ವಾಮಿಯ ಗೇಟಿನ ಸುದ್ದಿ ಓಡಲು ಶುರುವಾಯಿತು. ಮೊದಲು ಯಾರೂ ನಂಬಲಿಲ್ಲ. ಅಂಗಡಿಯವನು ಚಾನೆಲ್ ತಿರುಗಿಸಿದ, ಅಲ್ಲೂ ಅದೇ. ಮತ್ತೊಂದು, ಅಲ್ಲೂ ಅದೇ. ಸಂಖ್ಯೆ ಏರುತ್ತ ಏರುತ್ತ 11ಕ್ಕೆ ಬಂದು ನಿಂತಿತು. ಹೆಚ್ಚಿನವರು ಹುಡುಗ ಹುಡುಗಿಯರು. ಅಷ್ಟು ಹೊತ್ತಿಗೆ ಒಂದು ಚಾನೆಲ್ಲಿನಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತು, ಅನುಮತಿ ಕೊಟ್ಟವರು ಯಾರು ಎಂದು ಕೂಗಲು ಶುರು ಮಾಡಿದ್ದರು.

ಕಾಕಾ ರಿಮೋಟು ಕೇಳಲಿಲ್ಲ, ಹುಡುಗರೂ ಕೇಳಲಿಲ್ಲ. ಅಂಗಡಿಯವನು ಪ್ಲಾಸ್ಟಿಕ್ ಸುತ್ತಿದ ಆ ರಿಮೋಟನ್ನು ತೆಗೆದುಕೊಂಡು ಟಿವಿ ಆರಿಸಿದ. ಸ್ಟೋವಿನ ಸದ್ದು ಕೇಳಿಸತೊಡಗಿತು.